ಹಡಗಿನ ಪುಸ್ತಕದಲ್ಲಿ ಗಾಳಿಯ ಲೆಕ್ಕ



ಕಣದಲ್ಲಿ ರಾಗಿ ತೂರುವಾಗ ಮೊದಲು ಏನು ನೋಡುತ್ತೀರಿ? ಗಾಳಿ ನೋಡುತ್ತೀರಿ. ಒಂದು ಹಿಡಿ ಹೊಟ್ಟು ಮೇಲಕ್ಕೆ ಎಸೆದು, ಅದು ಯಾವ ಕಡೆ ಹಾರುತ್ತೆ ಅಂತ ನೋಡುತ್ತೀರಿ. ಆಮೇಲೆ ಮೊರ ಹಿಡಿದು ನಿಲ್ಲುತ್ತೀರಿ. ಗಾಳಿ ಬಂದಾಗ ತೂರಿಕೋ ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಗಾಳಿ ಇಲ್ಲದಿದ್ದರೆ ರಾಶಿ ಇದ್ದಲ್ಲೇ ಇರುತ್ತೆ.

ಕಣಕ್ಕೆ ಒಂದೆರಡು ದಿನ ಗಾಳಿ ಬಂದರೆ ಸಾಕು. ಹಾಯಿಹಡಗಿಗೆ ಹಾಗಲ್ಲ. ಅದಕ್ಕೆ ದಿನವೂ ಗಾಳಿ ಬೇಕು. ಹಗಲೂ ಬೇಕು, ರಾತ್ರಿಯೂ ಬೇಕು. ಹಾಯಿ ಅಂದರೆ ದೊಡ್ಡ ಬಟ್ಟೆಯ ಪಟ. ಎತ್ತರದ ಕಂಬಗಳಿಗೆ ಪಟ ಕಟ್ಟುತ್ತಾರೆ. ಗಾಳಿ ಪಟವನ್ನು ತುಂಬುತ್ತೆ. ಹಡಗು ಮುಂದಕ್ಕೆ ಹೋಗುತ್ತೆ. ಆಗ ಇಂಜಿನ್ ಇರಲಿಲ್ಲ, ಡೀಸೆಲ್ ಇರಲಿಲ್ಲ. ಗಾಳಿ ನಿಂತರೆ ಹಡಗೂ ನಿಂತಿತು. ಗಾಳಿ ಹುಚ್ಚೆದ್ದರೆ ಹಡಗು ಮುಳುಗಿತು.

ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಿಂದ ನಮ್ಮ ದೇಶಕ್ಕೆ ಹಡಗು ಬರಲು ಐದಾರು ತಿಂಗಳು ಬೇಕಾಗುತ್ತಿತ್ತು. ಆಫ್ರಿಕಾ ಖಂಡವನ್ನು ಸುತ್ತಿ ಬರಬೇಕಿತ್ತು. ಅಷ್ಟು ದಿನವೂ ಹಡಗಿನಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತಿತ್ತು. ಈಗ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ? ಜೋರಾಗಿದೆಯೋ, ಮೆಲ್ಲಗಿದೆಯೋ? ಆಕಾಶ ಹೇಗಿದೆ? ಮಳೆ ಬಂತೇ? ಇದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ಆ ಪುಸ್ತಕಕ್ಕೆ ಲಾಗ್‌ಬುಕ್ ಅನ್ನುತ್ತಾರೆ. ನಾವು ಹಡಗಿನ ದಿನಚರಿ ಪುಸ್ತಕ ಅನ್ನೋಣ.

ಬರೆದವರು ಸತ್ತು ನೂರಾರು ವರ್ಷ ಆಯಿತು. ಹಡಗುಗಳೂ ಇಲ್ಲ. ಆದರೆ ಆ ಪುಸ್ತಕಗಳಲ್ಲಿ ಸಾವಿರಾರು ಇವತ್ತಿಗೂ ಇವೆ. ಅವು ಈಗ ಎಲ್ಲಿವೆ, ಯಾರಿಗೆ ಬೇಕಾಗಿವೆ ಅಂತ ಮುಂದೆ ಹೇಳುತ್ತೇನೆ. ಮೊದಲು ಅವನ್ನು ಹೇಗೆ ಬರೆಯುತ್ತಿದ್ದರು ಅಂತ ನೋಡೋಣ.

ಗುರುತು ಇಲ್ಲದ ದಾರಿ

ನಾವು ಪಕ್ಕದ ಊರಿಗೆ ಹೋಗುವಾಗ ದಾರಿಯಲ್ಲಿ ಗುರುತುಗಳು ಇರುತ್ತವೆ. ಇಲ್ಲಿ ಹುಣಸೆಮರ, ಅಲ್ಲಿ ಮಾರಮ್ಮನ ಗುಡಿ, ಆಮೇಲೆ ಮೈಲಿಗಲ್ಲು. ಸಮುದ್ರದಲ್ಲಿ ಏನಿದೆ? ಎತ್ತ ನೋಡಿದರೂ ನೀರು. ನೆನ್ನೆ ನೋಡಿದ ನೀರೇ ಇವತ್ತೂ. ಹಾಗಾದರೆ ಎಲ್ಲಿದ್ದೇವೆ ಅಂತ ತಿಳಿಯುವುದು ಹೇಗೆ?

ಅದಕ್ಕೆ ಮೂರು ಲೆಕ್ಕ ಬೇಕು. ಯಾವ ದಿಕ್ಕಿಗೆ ಹೋದೆವು? ಎಷ್ಟು ಬೇಗ ಹೋದೆವು? ಎಷ್ಟು ಹೊತ್ತು ಹೋದೆವು? ದಿಕ್ಕಿಗೆ ದಿಕ್ಸೂಚಿ ಇತ್ತು. ಹೊತ್ತಿಗೆ ಮರಳಿನ ಗಡಿಯಾರ ಇತ್ತು. ವೇಗ ಅಳೆಯಲು ಏನು ಮಾಡಿದರು ಗೊತ್ತೇ? ಒಂದು ಮರದ ತುಂಡು, ಒಂದು ಹಗ್ಗ. ಅಷ್ಟೇ!

ಮರದ ತುಂಡಿನ ಒಂದು ಅಂಚಿಗೆ ಸೀಸ ಹಾಕಿ ಭಾರ ಮಾಡುತ್ತಿದ್ದರು. ಆಗ ಅದು ನೀರಿನಲ್ಲಿ ನೆಟ್ಟಗೆ ನಿಲ್ಲುತ್ತೆ. ಅದಕ್ಕೆ ಉದ್ದನೆಯ ಹಗ್ಗ ಕಟ್ಟುತ್ತಿದ್ದರು. ಹಗ್ಗದಲ್ಲಿ ಸುಮಾರು 47 ಅಡಿಗೆ ಒಂದು ಗಂಟು. ಹಡಗಿನ ಹಿಂಭಾಗದಿಂದ ತುಂಡನ್ನು ನೀರಿಗೆ ಎಸೆಯುತ್ತಿದ್ದರು. ತುಂಡು ನೀರಿನಲ್ಲಿ ನಿಂತಲ್ಲೇ ನಿಲ್ಲುತ್ತೆ. ಹಡಗು ಮುಂದೆ ಹೋಗುತ್ತೆ. ಹಗ್ಗ ಸರಸರ ಬಿಚ್ಚಿಕೊಳ್ಳುತ್ತೆ. ಒಬ್ಬ ಮರಳಿನ ಗಡಿಯಾರ ತಿರುಗಿಸಿ ಹಿಡಿಯುತ್ತಿದ್ದ. ಅದರ ಮರಳು 28 ಸೆಕೆಂಡಿಗೆ ಖಾಲಿ. ಅಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿ ಹೋದವು ಅಂತ ಇನ್ನೊಬ್ಬ ಎಣಿಸುತ್ತಿದ್ದ.

ಐದು ಗಂಟು ಹೋದರೆ ವೇಗ ಐದು ಗಂಟು. ಅಂದರೆ ಗಂಟೆಗೆ ಸುಮಾರು 9 ಕಿಲೋಮೀಟರ್. ಸೈಕಲ್ ಮೆಲ್ಲಗೆ ತುಳಿದಷ್ಟು. ಇವತ್ತು ದೊಡ್ಡ ದೊಡ್ಡ ಇಂಜಿನ್ ಹಡಗುಗಳ ವೇಗವನ್ನೂ ನಾಟ್ ಅಂತಲೇ ಹೇಳುತ್ತಾರೆ. ನಾಟ್ ಅಂದರೆ ಇಂಗ್ಲಿಷಿನಲ್ಲಿ ಗಂಟು. ಹಗ್ಗ ಹೋಯಿತು, ಗಂಟು ಉಳಿಯಿತು. ಲಾಗ್ ಅಂದರೆ ಮರದ ದಿಮ್ಮಿ. ಮರದ ತುಂಡು ಎಸೆದು ಬರೆಯುತ್ತಿದ್ದ ಪುಸ್ತಕ ಲಾಗ್‌ಬುಕ್ ಆಯಿತು.

ಬರೆಯುವುದು ಮೊದಲು ಪುಸ್ತಕದಲ್ಲಿ ಅಲ್ಲ. ಕಪ್ಪು ಹಲಗೆಯ ಮೇಲೆ, ಇಲ್ಲವೇ ಸ್ಲೇಟಿನ ಮೇಲೆ. ಗಾಳಿ, ಮಳೆ, ಅಲೆ ಬಡಿಯುವ ಕಡೆ ಶಾಯಿ ಹೇಗೆ ನಿಲ್ಲುತ್ತೆ? ಅದಕ್ಕೇ ಬಳಪದಲ್ಲಿ ಗೀಚಿಟ್ಟು, ಆಮೇಲೆ ಒಳಗೆ ಕುಳಿತು ಪುಸ್ತಕಕ್ಕೆ ಇಳಿಸುತ್ತಿದ್ದರು. ಹಡಗಿನವರ ದಿನ ಶುರುವಾಗುತ್ತಿದ್ದದ್ದು ಬೆಳಗಿನಿಂದ ಅಲ್ಲ, ಮಧ್ಯಾಹ್ನದಿಂದ. ಸೂರ್ಯ ನೆತ್ತಿಗೆ ಬಂದಾಗ ಅವನ ಎತ್ತರ ಅಳೆದು, ಭೂಮಿಯ ಮೇಲೆ ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇದ್ದೇವೆ ಅಂತ ತಿಳಿಯುತ್ತಿದ್ದರು. ಅಲ್ಲಿಂದ ಹೊಸ ಪುಟ.

ಪುಟದಲ್ಲಿ ಉದ್ದುದ್ದ ಗೆರೆ ಎಳೆದ ಮನೆಗಳು. ನಮ್ಮ ಹಾಲಿನ ಲೆಕ್ಕದ ಪುಸ್ತಕದ ಹಾಗೆ. ಮಾದರಿಗೆ ಒಂದು ಸಾಲು ನೋಡಿ:

ಗಂಟೆ: 4
ವೇಗ: 5 ಗಂಟು
ಹಡಗು ಹೋದ ದಿಕ್ಕು: ಪೂರ್ವ
ಗಾಳಿ: ನೈಋತ್ಯದಿಂದ
ಟಿಪ್ಪಣಿ: ಗಾಳಿ ಹದವಾಗಿದೆ, ಮೋಡ ಇದೆ, ತುಂತುರು ಮಳೆ

ಇಷ್ಟೇ. ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಇಂಥ ಒಂದು ಸಾಲು. ತಿಂಗಳುಗಟ್ಟಲೆ. ಓದಲು ಕುಳಿತರೆ ಬೇಸರವೇ ಬರುತ್ತೆ. ಆದರೆ ಆ ಬೇಸರದ ಸಾಲುಗಳೇ ಮುಂದೆ ಚಿನ್ನ ಆದವು.

ಈ ವಿಷಯ ಹೇಳುವಾಗ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು: "ಸಮುದ್ರದ ನಡುವೆ ಯಾರು ನೋಡ್ತಾರೆ ಟೀಚರ್? ಸುಳ್ಳು ಬರೆದಿದ್ರೆ?"

ಒಳ್ಳೆಯ ಪ್ರಶ್ನೆ. ಸುಳ್ಳು ಬರೆದರೆ ಮೊದಲು ಮುಳುಗುವವರು ಬರೆದವರೇ. ವೇಗ ಹೆಚ್ಚು ಬರೆದರೆ, ಹಡಗು ಎಲ್ಲಿದೆ ಅನ್ನುವ ಲೆಕ್ಕ ತಪ್ಪುತ್ತೆ. ಕತ್ತಲಲ್ಲಿ ಬಂಡೆಗೆ ಬಡಿಯುತ್ತೆ. ಇನ್ನೊಂದು ವಿಷಯ. ಒಂದೇ ಹಡಗಿನಲ್ಲಿ ಒಬ್ಬರಿಗಿಂತ ಹೆಚ್ಚು ಅಧಿಕಾರಿಗಳು ಬೇರೆ ಬೇರೆಯಾಗಿ ಬರೆಯುವ ರೂಢಿಯೂ ಇತ್ತು. ಊರು ಸೇರಿದ ಮೇಲೆ ಕಂಪನಿಗೋ ಸರ್ಕಾರಕ್ಕೋ ಆ ಪುಸ್ತಕ ಒಪ್ಪಿಸಬೇಕು. ಈಗಿನ ವಿಜ್ಞಾನಿಗಳೂ ಸುಮ್ಮನೆ ನಂಬುವುದಿಲ್ಲ. ಒಂದೇ ದಿನ ಒಂದೇ ಕಡೆ ಇದ್ದ ಎರಡು ಹಡಗುಗಳ ಪುಸ್ತಕ ಪಕ್ಕದಲ್ಲಿಟ್ಟು ನೋಡುತ್ತಾರೆ.

ನಿಜವಾದ ತೊಂದರೆ ಬೇರೆ ಇತ್ತು. ಒಬ್ಬನಿಗೆ ಜೋರು ಗಾಳಿ ಅನ್ನಿಸಿದ್ದು ಇನ್ನೊಬ್ಬನಿಗೆ ಸಾಧಾರಣ ಅನ್ನಿಸಬಹುದು. ಖಾರದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಆಗುವುದಿಲ್ಲವೇ, ಹಾಗೆ. ಫ್ರಾನ್ಸಿಸ್ ಬೋಫರ್ಟ್ ಅಂತ ಒಬ್ಬ ನೌಕಾ ಅಧಿಕಾರಿ ಇದಕ್ಕೆ 1806ರಲ್ಲಿ ಒಂದು ದಾರಿ ಬರೆದಿಟ್ಟ. ಗಾಳಿಗೆ ಅಂಕಿ ಕೊಟ್ಟ. ಗಾಳಿಯೇ ಇಲ್ಲದಿದ್ದರೆ ಸೊನ್ನೆ. ಯಾವ ಪಟವೂ ತಡೆಯಲಾರದ ಬಿರುಗಾಳಿಗೆ 12. ನಡುವಿನ ಅಂಕಿಗಳಿಗೆ, ಎಷ್ಟು ಪಟ ಬಿಚ್ಚಬಹುದು, ಎಷ್ಟು ಮಡಿಸಬೇಕು ಅನ್ನುವುದೇ ಅಳತೆ. ಉಪಕರಣ ಏನೂ ಬೇಡ. 1838ರಿಂದ ಇಂಗ್ಲೆಂಡಿನ ನೌಕಾಪಡೆ ಇದನ್ನು ಎಲ್ಲ ಹಡಗುಗಳಿಗೂ ಕಡ್ಡಾಯ ಮಾಡಿತು.

ಮೂಲೆಗೆ ಬಿದ್ದ ರಾಶಿ

ಈಗ ಅಮೆರಿಕ ದೇಶಕ್ಕೆ ಹೋಗೋಣ. ಅಲ್ಲಿ ಮ್ಯಾಥ್ಯೂ ಮೌರಿ ಅಂತ ಒಬ್ಬ ನೌಕಾಪಡೆಯ ಅಧಿಕಾರಿ ಇದ್ದ. 1839ರಲ್ಲಿ ಅವನು ಕುಳಿತಿದ್ದ ಕುದುರೆ ಗಾಡಿ ಉರುಳಿ ಬಿತ್ತು. ಕಾಲು ಮುರಿಯಿತು. ಕಾಲು ಊನವಾದ ಮೇಲೆ ಹಡಗಿನ ಕೆಲಸ ಆಗುವುದಿಲ್ಲ. 1842ರಲ್ಲಿ ಅವನಿಗೆ ವಾಷಿಂಗ್ಟನ್ ನಗರದ ಒಂದು ಕಚೇರಿಯ ಉಸ್ತುವಾರಿ ಕೊಟ್ಟರು. ನಕ್ಷೆ ಮತ್ತು ಉಪಕರಣ ಇಡುವ ಕಚೇರಿ. ಅಲ್ಲಿ ಹಳೆಯ ದಿನಚರಿ ಪುಸ್ತಕಗಳು ರಾಶಿ ಬಿದ್ದಿದ್ದವು. ಪ್ರಯಾಣ ಮುಗಿದ ಮೇಲೆ ಅವನ್ನು ಕೇಳುವವರು ಯಾರು?

ಮೌರಿ ಅವನ್ನು ತೆರೆದು ಓದಿದ. ಸಮುದ್ರದ ನಕ್ಷೆಯನ್ನು ಚೌಕ ಚೌಕವಾಗಿ ಹಂಚಿದ. ಈ ಚೌಕದಲ್ಲಿ ಜನವರಿ ತಿಂಗಳಲ್ಲಿ ಗಾಳಿ ಎಷ್ಟು ಸಲ ಪೂರ್ವದಿಂದ ಬಂತು? ಎಷ್ಟು ಸಲ ಉತ್ತರದಿಂದ? ಎಷ್ಟು ಸಲ ಗಾಳಿಯೇ ಇರಲಿಲ್ಲ? ನೂರಾರು ಹಡಗುಗಳ ಸಾಲುಗಳನ್ನು ಸೇರಿಸಿ ಎಣಿಸಿದ. ಒಬ್ಬ ಕಪ್ತಾನನಿಗೆ ತಾನು ಹೋದ ದಾರಿ ಮಾತ್ರ ಗೊತ್ತು. ಎಲ್ಲರದ್ದೂ ಸೇರಿದಾಗ ಸಮುದ್ರದ ಗಾಳಿಯ ನಡತೆಯೇ ಕಾಣಿಸಿತು. 1847ರಲ್ಲಿ ಅವನು ಮೊದಲ ನಕ್ಷೆ ಅಚ್ಚು ಹಾಕಿಸಿದ.

ಕಪ್ತಾನರು ಮೊದಲು ನಂಬಲಿಲ್ಲ. ಕಚೇರಿಯಲ್ಲಿ ಕುಳಿತ ಕುಂಟ ನಮಗೆ ಸಮುದ್ರ ಹೇಳಿಕೊಡುತ್ತಾನೆಯೇ ಅನ್ನಿಸಿರಬೇಕು. 1848ರಲ್ಲಿ ಒಂದು ಹಡಗು ಧೈರ್ಯ ಮಾಡಿ, ಮೌರಿ ಹೇಳಿದ ದಾರಿಯಲ್ಲಿ ಅಮೆರಿಕದಿಂದ ಬ್ರೆಜಿಲ್ ದೇಶದ ರಿಯೋ ಬಂದರಿಗೆ ಹೊರಟಿತು. ಸಾಮಾನ್ಯವಾಗಿ 55 ದಿನದ ದಾರಿ. ಆ ಹಡಗು 38 ದಿನದಲ್ಲಿ ಮುಟ್ಟಿತು. ಹದಿನೇಳು ದಿನದ ಊಟ, ಹದಿನೇಳು ದಿನದ ನೀರು, ಕೂಲಿ ಎಲ್ಲ ಉಳಿಯಿತು. ಆಮೇಲೆ ಕೇಳಬೇಕೇ? ಎಲ್ಲರಿಗೂ ನಕ್ಷೆ ಬೇಕು. ಮೌರಿ ದುಡ್ಡು ಕೇಳಲಿಲ್ಲ. "ನಕ್ಷೆ ಸುಮ್ಮನೆ ಕೊಡುತ್ತೇನೆ. ಆದರೆ ನಾನು ಹೇಳಿದ ರೀತಿ ದಿನಚರಿ ಬರೆದು ತಂದುಕೊಡಬೇಕು" ಅನ್ನುವುದು ಅವನ ಕರಾರು. ಮೊಸರು ಕೊಟ್ಟು ಹೆಪ್ಪಿಗೆ ಸ್ವಲ್ಪ ವಾಪಸು ಇಸಿದುಕೊಂಡ ಹಾಗೆ. ಬಂದ ಲೆಕ್ಕದಿಂದ ಮುಂದಿನ ನಕ್ಷೆ ಇನ್ನೂ ಚೆನ್ನಾಯಿತು. 1853ರಲ್ಲಿ ಬ್ರಸೆಲ್ಸ್ ನಗರದಲ್ಲಿ ಹತ್ತು ದೇಶಗಳು ಸೇರಿ, ಎಲ್ಲ ಹಡಗುಗಳೂ ಒಂದೇ ರೀತಿ ಹವಾಮಾನ ಬರೆಯಬೇಕು ಅಂತ ಮಾತಾಡಿಕೊಂಡವು.

ದಾರಿ ಹೇಳಿದ ಎಲೀನರ್

ಆ ನಕ್ಷೆಗಳನ್ನು ಚೆನ್ನಾಗಿ ಓದಿ ಬಳಸಿದವರಲ್ಲಿ ಒಬ್ಬ ಹೆಂಗಸು ಇದ್ದರು. ಹೆಸರು ಎಲೀನರ್ ಕ್ರೀಸಿ. ಹುಟ್ಟಿದ್ದು 1814ರಲ್ಲಿ, ಅಮೆರಿಕದ ಮಾರ್ಬಲ್‌ಹೆಡ್ ಅನ್ನುವ ಕಡಲ ಊರಿನಲ್ಲಿ. ತಂದೆ ಹಡಗಿನ ಕಪ್ತಾನ. ಹಡಗಿನ ದಾರಿ ಲೆಕ್ಕ ಹಾಕುವುದನ್ನು ಮಗಳಿಗೆ ಕಲಿಸಿದರು. ಆ ಕಾಲದಲ್ಲಿ ಅದು ಗಂಡಸರ ವಿದ್ಯೆ. ಮದುವೆಯಾದದ್ದೂ ಒಬ್ಬ ಕಪ್ತಾನನನ್ನೇ. ಗಂಡನ ಜೊತೆ ಹಡಗು ಹತ್ತಿದರು. ಅಡಿಗೆ ಮನೆಗೆ ಅಲ್ಲ, ದಾರಿ ತೋರಿಸುವ ಕೆಲಸಕ್ಕೆ.

1851ರಲ್ಲಿ ಅವರಿಗೆ ಒಂದು ಹೊಸ ಹಡಗು ಸಿಕ್ಕಿತು. ಹೆಸರು ಫ್ಲೈಯಿಂಗ್ ಕ್ಲೌಡ್, ಅಂದರೆ ಹಾರುವ ಮೋಡ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದೆ ಅಂತ ಜನ ಅತ್ತ ಓಡುತ್ತಿದ್ದ ಕಾಲ ಅದು. ನ್ಯೂಯಾರ್ಕ್ ಇರುವುದು ಅಮೆರಿಕದ ಪೂರ್ವ ದಡದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಪಶ್ಚಿಮ ದಡದಲ್ಲಿ. ನಡುವೆ ಕಾಲುವೆ ಇರಲಿಲ್ಲ. ದಕ್ಷಿಣ ಅಮೆರಿಕದ ತುದಿಯನ್ನು ಸುತ್ತಿಯೇ ಹೋಗಬೇಕು. ಆ ತುದಿಗೆ ಹಾರ್ನ್ ಭೂಶಿರ ಅನ್ನುತ್ತಾರೆ. ಹಡಗುಗಳನ್ನು ನುಂಗುವ ಜಾಗ ಅದು. ಸಾಮಾನ್ಯ ಹಡಗುಗಳಿಗೆ ಈ ಪ್ರಯಾಣಕ್ಕೆ ಆರು ತಿಂಗಳು, ಕೆಲವಕ್ಕೆ ಅದಕ್ಕೂ ಹೆಚ್ಚು ಹಿಡಿಯುತ್ತಿತ್ತು.

ಜೂನ್ 2ರಂದು ಹೊರಟರು. ಕೆಲವೇ ದಿನದಲ್ಲಿ ಗಾಳಿಗೆ ಪಟದ ಕಂಬಗಳ ಮೇಲ್ತುದಿ ಮುರಿದು ಬಿತ್ತು. ಸಮುದ್ರದ ಮೇಲೆಯೇ ರಿಪೇರಿ ಮಾಡಿಕೊಂಡು ಮುಂದೆ ಹೋದರು. ಎಲೀನರ್ ಸೂರ್ಯನ ಎತ್ತರ ಅಳೆಯುತ್ತಿದ್ದರು. ಲೆಕ್ಕ ಹಾಕುತ್ತಿದ್ದರು. ಮೌರಿಯ ನಕ್ಷೆಯಲ್ಲಿ ಈ ತಿಂಗಳು ಎಲ್ಲಿ ಒಳ್ಳೆಯ ಗಾಳಿ ಇದೆ ಅಂತ ನೋಡುತ್ತಿದ್ದರು. ನೇರ ದಾರಿ ಬಿಟ್ಟು, ಗಾಳಿ ಇರುವ ಕಡೆಗೆ ಹಡಗು ತಿರುಗಿಸಬೇಕು ಅಂತ ಹೇಳುತ್ತಿದ್ದರು. ಸುತ್ತು ದಾರಿಯಾದರೂ ಬೇಗ ತಲುಪುವ ದಾರಿ ಅದು. ಹಾರ್ನ್ ಭೂಶಿರ ಬಂದಾಗ ಜುಲೈ ತಿಂಗಳು. ನಮಗೆ ಮಳೆಗಾಲ, ಆ ಕಡೆಯವರಿಗೆ ಕಡುಚಳಿಗಾಲ. ಹಿಮ, ಬಿರುಗಾಳಿ, ಚಿಕ್ಕ ಹಗಲು. ಅಂಥದ್ದರಲ್ಲಿ ಲೆಕ್ಕ ಒಂದು ಸಲ ತಪ್ಪಿದರೂ ಹಡಗು ಬಂಡೆಗೆ ಹೋಗುತ್ತಿತ್ತು.

ಆಗಸ್ಟ್ 31ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟಿದರು. 89 ದಿನ 21 ಗಂಟೆ! ಅಷ್ಟು ಬೇಗ ಅಲ್ಲಿಗೆ ಯಾರೂ ಹೋಗಿರಲಿಲ್ಲ. 1854ರಲ್ಲಿ ಅವರೇ ಇನ್ನೂ 13 ಗಂಟೆ ಕಡಿಮೆ ಮಾಡಿದರು. ಹಾಯಿಹಡಗುಗಳಲ್ಲಿ ಆ ದಾಖಲೆಯನ್ನು 1989ರ ತನಕ ಯಾರೂ ಮುರಿಯಲಿಲ್ಲ. ಕಾಗದದ ಮೇಲೆ ಕಪ್ತಾನ ಅಂತ ಇದ್ದದ್ದು ಗಂಡನ ಹೆಸರು. ದಾರಿ ಹೇಳಿದ್ದು ಹೆಂಡತಿ. ಇದನ್ನು ನಾನು ಸ್ವಲ್ಪ ಉದ್ದವಾಗಿಯೇ ಬರೆದೆ. ಬೇಕಂತಲೇ ಬರೆದೆ.

ನಮ್ಮ ಕಡಲು, ನಮ್ಮ ಗಾಳಿ

ಹಾಗಾದರೆ ನಮ್ಮ ಕಡೆಯವರಿಗೆ ಕಡಲ ಗಾಳಿ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಅರಬ್ಬೀ ಸಮುದ್ರದ ಮೇಲೆ ಎರಡು ಸಾವಿರ ವರ್ಷದಿಂದ ಹಡಗುಗಳು ಓಡಾಡಿವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ನೈಋತ್ಯದಿಂದ ನಮ್ಮ ಕಡೆಗೆ ಬೀಸುತ್ತೆ. ಅದೇ ಮುಂಗಾರು ತರುವ ಗಾಳಿ. ಚಳಿಗಾಲದಲ್ಲಿ ಅದು ತಿರುಗಿ ಈಶಾನ್ಯದಿಂದ ಬೀಸುತ್ತೆ. ಒಂದು ಗಾಳಿಯಲ್ಲಿ ಬರುವುದು, ಇನ್ನೊಂದು ಗಾಳಿಯಲ್ಲಿ ಹೋಗುವುದು. ವಿಜಯನಗರದ ಕಾಲದಲ್ಲಿ ಅರಬ್ ದೇಶದ ಕುದುರೆಗಳು ಭಟ್ಕಳಕ್ಕೆ ಬಂದು ಇಳಿದದ್ದು ಹೀಗೆಯೇ. ಮಾನ್ಸೂನ್ ಅನ್ನುವ ಮಾತು ಅರಬ್ಬರ ಮೌಸಿಮ್ ಅನ್ನುವ ಮಾತಿನಿಂದ ಬಂತು. ಅದರ ಅರ್ಥ ಹಂಗಾಮು. ಗುಜರಾತಿನ ಕಚ್ಛದಲ್ಲಿ ಹಡಗಿನ ದಾರಿ ತೋರುವ ಮಾಲಮರು ತಮ್ಮದೇ ಪೋಥಿ ಪುಸ್ತಕಗಳನ್ನೂ ಇಟ್ಟುಕೊಂಡಿದ್ದರು.

ಆದರೆ ಬಹಳಷ್ಟು ವಿದ್ಯೆ ಬಾಯಿಂದ ಬಾಯಿಗೆ ಬಂದದ್ದು. ಅದು ಹಂಗಾಮು ಹೇಳುತ್ತೆ, ದಿನ ಹೇಳುವುದಿಲ್ಲ. ನಮ್ಮಲ್ಲೂ ಹಾಗೇ ನೋಡಿ. ರೋಹಿಣಿ ಮಳೆ, ಮೃಗಶಿರ ಮಳೆ ಅಂತ ಎಲ್ಲರಿಗೂ ಗೊತ್ತು. "ನಾನು ಮದುವೆಯಾಗಿ ಬಂದ ವರ್ಷ ಮೃಗಶಿರ ಹನಿಯಲೇ ಇಲ್ಲ" ಅನ್ನುತ್ತಾರೆ ಅಜ್ಜಿ. ಯಾವ ವರ್ಷ ಅಜ್ಜಿ ಅಂದರೆ ಬೆರಳು ಮಡಿಸುತ್ತಾರೆ. ಮಾತು ನಿಜವೇ. ಆದರೆ ಲೆಕ್ಕಕ್ಕೆ ಇಸವಿ ಬೇಕು, ತಾರೀಖು ಬೇಕು.

ಅಂಥ ಲೆಕ್ಕ ಕೂಡಿಸಿದ ಒಬ್ಬ ಮನುಷ್ಯ ಕಲ್ಕತ್ತದಲ್ಲಿ ಇದ್ದ. ಹೆನ್ರಿ ಪಿಡಿಂಗ್ಟನ್. ಇಂಗ್ಲಿಷಿನವನು. ಮೊದಲು ವ್ಯಾಪಾರದ ಹಡಗಿನ ಕಪ್ತಾನ ಆಗಿದ್ದವನು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದು ಹಡಗು ಮುಳುಗುವುದನ್ನು, ದಡದ ಊರುಗಳಿಗೆ ಸಮುದ್ರ ನುಗ್ಗುವುದನ್ನು ಬಲ್ಲವನು. 1839ರಿಂದ ಅವನು ಒಂದು ಕೆಲಸ ಹಿಡಿದ. ಯಾವುದೇ ಚಂಡಮಾರುತ ಬರಲಿ, ಆಗ ಆ ಸಮುದ್ರದಲ್ಲಿ ಇದ್ದ ಹಡಗುಗಳ ದಿನಚರಿ ಪುಸ್ತಕ ಕೇಳಿ ತರಿಸುವುದು.

ಪುಸ್ತಕ ಬಂದ ಮೇಲೆ ಏನು ಮಾಡುತ್ತಿದ್ದ? ಒಂದು ನಕ್ಷೆ ಹರಡುತ್ತಿದ್ದ. ಒಂದೇ ದಿನ, ಒಂದೇ ಗಂಟೆಗೆ ಯಾವ ಹಡಗು ಎಲ್ಲಿತ್ತು ಅಂತ ಗುರುತು ಹಾಕುತ್ತಿದ್ದ. ಅಲ್ಲಿ ಗಾಳಿ ಯಾವ ಕಡೆಗೆ ಬೀಸಿತ್ತೋ ಆ ಕಡೆಗೆ ಒಂದು ಬಾಣ. ಒಂದು ಹಡಗು ಗಾಳಿ ಉತ್ತರದಿಂದ ಬಂತು ಅನ್ನುತ್ತೆ. ಇನ್ನೊಂದು ದಕ್ಷಿಣದಿಂದ ಅನ್ನುತ್ತೆ. ಮತ್ತೊಂದು ಪೂರ್ವದಿಂದ. ಒಂದೊಂದನ್ನೇ ಓದಿದರೆ ಯಾರೋ ತಪ್ಪು ಬರೆದಿದ್ದಾರೆ ಅನ್ನಿಸುತ್ತೆ. ಬಾಣಗಳನ್ನು ಒಟ್ಟಿಗೆ ನೋಡಿದರೆ? ಅವೆಲ್ಲ ಸೇರಿ ಒಂದು ಸುತ್ತು ಆಗುತ್ತಿತ್ತು!

ಅಂದರೆ ಚಂಡಮಾರುತ ನೇರವಾಗಿ ಬೀಸುವ ಗಾಳಿಯಲ್ಲ. ಅದು ಸುತ್ತುವ ಗಾಳಿ. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಒಬ್ಬಿಬ್ಬರು ಇದನ್ನು ಆಗಲೇ ಹೇಳಿದ್ದರು. ನಮ್ಮ ಸಮುದ್ರದಲ್ಲೂ ಹಾಗೆಯೇ ಅಂತ ಪಿಡಿಂಗ್ಟನ್ ಒಂದಾದ ಮೇಲೆ ಒಂದು ಚಂಡಮಾರುತದ ಲೆಕ್ಕ ಇಟ್ಟು ತೋರಿಸಿದ. ಬೀಸುವ ಕಲ್ಲನ್ನು ನೆನೆಸಿಕೊಳ್ಳಿ. ಕಲ್ಲು ಗರಗರ ತಿರುಗುತ್ತೆ. ನಡುವಿನ ಗೂಟ ಮಾತ್ರ ನಿಂತಲ್ಲೇ ಇರುತ್ತೆ. ಚಂಡಮಾರುತದ ನಡುವೆಯೂ ಹಾಗೇ ಗಾಳಿ ಇಲ್ಲದ ಜಾಗ ಇರುತ್ತೆ. ಅದಕ್ಕೆ ಕಣ್ಣು ಅನ್ನುತ್ತಾರೆ. ಅಲ್ಲಿ ಸಿಕ್ಕಿದವರು ಗಾಳಿ ನಿಂತಿತು, ಬದುಕಿದೆವು ಅಂದುಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಅಷ್ಟೇ ಜೋರಾಗಿ ಬಡಿಯುತ್ತೆ. ನಮ್ಮ ಕಡೆ, ಅಂದರೆ ಭೂಮಿಯ ಉತ್ತರ ಭಾಗದಲ್ಲಿ, ಅದು ಸುತ್ತುವುದು ದೇವರಿಗೆ ಪ್ರದಕ್ಷಿಣೆ ಹಾಕುವ ದಿಕ್ಕಿಗೆ ವಿರುದ್ಧವಾಗಿ. ಭೂಮಿಯ ದಕ್ಷಿಣ ಭಾಗದಲ್ಲಿ ಪ್ರದಕ್ಷಿಣೆಯ ದಿಕ್ಕಿನಲ್ಲಿ.

1845ರಲ್ಲಿ ಮಾರಿಷಸ್ ದ್ವೀಪದ ಹತ್ತಿರ ಚಾರ್ಲ್ಸ್ ಹೆಡಲ್ ಅನ್ನುವ ಹಡಗು ಚಂಡಮಾರುತಕ್ಕೆ ಸಿಕ್ಕಿತು. ಗಾಳಿ ತಳ್ಳಿದ ಕಡೆಗೆ ಓಡಿತು. ಐದು ದಿನ ಓಡಿತು. ದೂರ ಓಡಿ ಪಾರಾದೆವು ಅಂತ ಯಾರಾದರೂ ಅಂದುಕೊಳ್ಳಬೇಕು. ಆದರೆ ಅದರ ದಿನಚರಿಯಲ್ಲಿ ಗಾಳಿಯ ದಿಕ್ಕು ಬದಲಾಗುತ್ತಲೇ ಇತ್ತು. ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ಎಲ್ಲ ಮುಗಿದು ಮತ್ತೆ ಮೊದಲಿಂದ. ಪಿಡಿಂಗ್ಟನ್ ಆ ಪುಸ್ತಕ ಓದಿ ಬಾಣ ಹಾಕಿ ನೋಡಿದ. ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ ಆ ಹಡಗು ಚಂಡಮಾರುತದ ನಡುವನ್ನು ಐದು ಸಲ ಸುತ್ತಿತ್ತು! ದಿನಚರಿ ಬರೆಯದೆ ಇದ್ದಿದ್ದರೆ ಹಡಗಿನಲ್ಲಿ ಇದ್ದವರಿಗೇ ಅದು ಗೊತ್ತಾಗುತ್ತಿರಲಿಲ್ಲ. ಆ ಅಲೆಯಲ್ಲಿ, ಸಾವು ಎದುರಿಗೆ ಇರುವಾಗ ಬಳಪ ಹಿಡಿದು ಗಾಳಿಯ ದಿಕ್ಕು ಬರೆದವನು ಯಾರೋ, ಅವನಿಗೆ ಕೈ ಮುಗಿಯಬೇಕು.

ಇಂಥ ಸುತ್ತುಗಾಳಿಗೆ ಪಿಡಿಂಗ್ಟನ್ ಸೈಕ್ಲೋನ್ ಅಂತ ಹೆಸರಿಟ್ಟ. ಗ್ರೀಕ್ ಭಾಷೆಯ ಮಾತಿನಿಂದ ಮಾಡಿದ ಹೆಸರು. ಹಾವು ಸುರುಳಿ ಸುತ್ತಿದ ಹಾಗೆ ಅನ್ನುವ ಅರ್ಥ ಅದಕ್ಕೆ. ಇವತ್ತು ರೇಡಿಯೋದಲ್ಲಿ, ಟಿ.ವಿ.ಯಲ್ಲಿ ಕೇಳುವ ಸೈಕ್ಲೋನ್ ಅನ್ನುವ ಮಾತು ಹುಟ್ಟಿದ್ದು ನಮ್ಮ ಕಲ್ಕತ್ತದಲ್ಲಿ. 1848ರಲ್ಲಿ ಅವನು ನಾವಿಕರಿಗಾಗಿ ಒಂದು ಪುಸ್ತಕ ಬರೆದ. ಅದರ ಜೊತೆ, ಪ್ರಾಣಿಯ ಕೊಂಬಿನಿಂದ ಮಾಡಿದ ಎರಡು ತೆಳುವಾದ ಹಾಳೆ ಇಟ್ಟ. ಹಾಳೆಯ ಮೇಲೆ ಸುತ್ತುಗಾಳಿಯ ಚಿತ್ರ. ಹಾಳೆಯ ಆಚೆ ಇರುವುದು ಕಾಣುತ್ತೆ. ಅದನ್ನು ನಕ್ಷೆಯ ಮೇಲೆ ಇಟ್ಟು, ಗಾಳಿಯ ದಿಕ್ಕಿಗೆ ಹೊಂದಿಸಿದರೆ ಚಂಡಮಾರುತದ ನಡು ಎಲ್ಲಿದೆ ಅಂತ ತಿಳಿಯುತ್ತಿತ್ತು. ನಮ್ಮ ಕಡೆಯ ಸಮುದ್ರದಲ್ಲಿ ಗಾಳಿಗೆ ಮುಖ ಕೊಟ್ಟು ನಿಂತರೆ, ಆ ನಡುಭಾಗ ಬಲಗೈ ಕಡೆ, ಸ್ವಲ್ಪ ಹಿಂದಕ್ಕೆ ಇರುತ್ತೆ. ಯಾವ ಕಡೆ ಸಾವು ಇದೆ ಅಂತ ಗೊತ್ತಾದರೆ ಯಾವ ಕಡೆ ಓಡಬೇಕು ಅಂತಲೂ ಗೊತ್ತಾಗುತ್ತೆ.

ಕಲ್ಕತ್ತದ ಹತ್ತಿರ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟುತ್ತೇವೆ ಅಂತ ಸರ್ಕಾರ ಹೊರಟಾಗ ಇದೇ ಪಿಡಿಂಗ್ಟನ್ 1853ರಲ್ಲಿ ಗವರ್ನರ್ ಜನರಲ್ ಅವರಿಗೆ ಬರೆದ. ಅಲ್ಲಿ ಕಟ್ಟಬೇಡಿ, ಒಂದು ದಿನ ಚಂಡಮಾರುತದ ಜೊತೆ ಸಮುದ್ರ ಏರಿ ಬರುತ್ತೆ ಅಂತ ಎಚ್ಚರಿಸಿದ. ಕೇಳಲಿಲ್ಲ. ಕ್ಯಾನಿಂಗ್ ಬಂದರು ಕಟ್ಟಿದರು. 1858ರಲ್ಲಿ ಪಿಡಿಂಗ್ಟನ್ ತೀರಿಹೋದ. 1867ರ ನವೆಂಬರಿನಲ್ಲಿ ಸಮುದ್ರ ಏರಿ ಬಂತು. ಬಂದರು ಹಾಳಾಯಿತು. ಅದಕ್ಕೆ ಮೂರು ವರ್ಷ ಮೊದಲು, 1864ರಲ್ಲಿ, ಕಲ್ಕತ್ತಕ್ಕೇ ಚಂಡಮಾರುತ ನುಗ್ಗಿ ಸುಮಾರು 60,000 ಜನ ಸತ್ತಿದ್ದರು. ಇಷ್ಟೆಲ್ಲ ಆದ ಮೇಲೆ, ಬರಗಾಲಗಳನ್ನೂ ಕಂಡ ಮೇಲೆ, 1875ರಲ್ಲಿ ಭಾರತ ಹವಾಮಾನ ಇಲಾಖೆ ಶುರುವಾಯಿತು.

ಈಗ ಆ ಪುಸ್ತಕಗಳು

ಇಂಗ್ಲೆಂಡಿನ ಈಸ್ಟ್ ಇಂಡಿಯಾ ಕಂಪನಿಯ ಹೆಸರು ಕೇಳಿದ್ದೀರಿ. ವ್ಯಾಪಾರಕ್ಕೆ ಅಂತ ಬಂದು ನಮ್ಮನ್ನೇ ಆಳಿದ ಕಂಪನಿ. ನಮ್ಮ ಮೆಣಸು, ಬಟ್ಟೆ ಹೊತ್ತು ಹೋದ ಅದರ ಹಡಗುಗಳ ದಿನಚರಿಗಳು ಲಂಡನ್ ನಗರದ ಬ್ರಿಟಿಷ್ ಲೈಬ್ರರಿಯಲ್ಲಿ ಇವೆ. ನಮ್ಮಿಂದ ಏನು ಹೋಯಿತು ಅಂತ ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತೆ. ಆದರೂ ಆ ಪುಸ್ತಕಗಳಲ್ಲಿ ಇರುವ ಗಾಳಿಯ ಲೆಕ್ಕ ಇವತ್ತು ಎಲ್ಲರ ಕೆಲಸಕ್ಕೂ ಬರುತ್ತಿದೆ. 1789ರಿಂದ 1834ರ ತನಕದ ಸುಮಾರು 900 ಪುಸ್ತಕಗಳಿಂದ ವಿಜ್ಞಾನಿಗಳು 2 ಲಕ್ಷ 70 ಸಾವಿರಕ್ಕೂ ಹೆಚ್ಚು ಸಾಲುಗಳನ್ನು ಕಂಪ್ಯೂಟರಿಗೆ ಹಾಕಿದ್ದಾರೆ. ಕಂಪನಿಯ ಕೆಲವು ಕಪ್ತಾನರು ಶಾಖ ಅಳೆಯುವ ಥರ್ಮಾಮೀಟರ್, ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಕೂಡ ಇಟ್ಟಿದ್ದರು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಧೂಳು ಸೂರ್ಯನ ಬಿಸಿಲಿಗೆ ಅಡ್ಡ ಬಂತು. ಆಮೇಲೆ ಸಮುದ್ರದ ಮೇಲಿನ ಗಾಳಿ ತುಸು ತಣ್ಣಗಾದದ್ದು ಆ ಪುಟಗಳಲ್ಲಿ ಸಿಕ್ಕಿದೆ.

ಇದೆಲ್ಲ ಯಾಕೆ ಬೇಕು ಅಂತೀರಾ? ಈಗ ಭೂಮಿ ಬಿಸಿಯಾಗುತ್ತಿದೆ. ಮಳೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಇದು ಈಗಿನದೋ, ಹಿಂದೆಯೂ ಹೀಗೇ ಇತ್ತೋ? ಹೇಳಬೇಕಾದರೆ ಹಿಂದಿನ ಲೆಕ್ಕ ಬೇಕು. ಮಗುವಿಗೆ ಜ್ವರ ಏರಿದೆ ಅನ್ನಬೇಕಾದರೆ ಮೊದಲು ಮೈ ಹೇಗಿತ್ತು ಅಂತ ಗೊತ್ತಿರಬೇಕಲ್ಲ. ಭೂಮಿಯ ಮುಕ್ಕಾಲು ಪಾಲಿಗೆ ಹತ್ತಿರ ಹತ್ತಿರ ಸಮುದ್ರವೇ. ಅಲ್ಲಿ ಮನೆ ಇಲ್ಲ, ಕಚೇರಿ ಇಲ್ಲ. ಇನ್ನೂರು ವರ್ಷದ ಹಿಂದೆ ಅಲ್ಲಿ ಇದ್ದದ್ದು ಹಡಗಿನವರು ಮಾತ್ರ. ಅರಬ್ಬೀ ಸಮುದ್ರದ ಹಡಗುಗಳು ಬರೆದ ಗಾಳಿಯ ದಿಕ್ಕನ್ನು ಜೋಡಿಸಿ, ಮುಂಗಾರು ಯಾವ ವರ್ಷ ಯಾವಾಗ ಶುರುವಾಯಿತು ಅಂತ ಸ್ಪೇನ್ ದೇಶದ ವಿಜ್ಞಾನಿಗಳು 2016ರಲ್ಲಿ ಲೆಕ್ಕ ಕೊಟ್ಟರು. ಗಾಳಿ ನೈಋತ್ಯಕ್ಕೆ ತಿರುಗಿ ನಿಂತ ದಿನ ನೋಡಿದರೆ ಮುಂಗಾರಿನ ದಿನ ಸಿಗುತ್ತೆ.

ಹಳೆಯ ಕೈಬರಹ ಓದುವುದು ಸುಲಭವಲ್ಲ. ಶಾಯಿ ಮಾಸಿದೆ. ಇಂಗ್ಲಿಷ್, ಸ್ಪ್ಯಾನಿಷ್, ಫ್ರೆಂಚ್, ಡಚ್ ಹೀಗೆ ಬೇರೆ ಬೇರೆ ಭಾಷೆ. ಗಾಳಿಗೆ ಒಬ್ಬೊಬ್ಬರದು ಒಂದೊಂದು ಮಾತು. ಅದಕ್ಕೆ ಅಂತಲೇ ಯುರೋಪಿನ ವಿಜ್ಞಾನಿಗಳು ಈ ನಾಲ್ಕು ಭಾಷೆಗಳ ಗಾಳಿಯ ಮಾತುಗಳಿಗೆ ಒಂದು ನಿಘಂಟು ಮಾಡಿದರು. 2010ರಲ್ಲಿ ಇನ್ನೊಂದು ಕೆಲಸ ಶುರುವಾಯಿತು. ಮೊದಲ ಮಹಾಯುದ್ಧದ ಕಾಲದ ಇಂಗ್ಲೆಂಡಿನ ಹಡಗುಗಳ ದಿನಚರಿಯ ಫೋಟೋಗಳನ್ನು ಸಾವಿರಾರು ಜನ ಸ್ವಯಂಸೇವಕರು ಮನೆಯಲ್ಲೇ ಕುಳಿತು ಓದಿ, ಕಂಪ್ಯೂಟರಿಗೆ ಬರೆದರು. ಅವರು ವಿಜ್ಞಾನಿಗಳಲ್ಲ, ಸಾಮಾನ್ಯ ಜನ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಅರಬ್ಬೀ ಸಮುದ್ರದಲ್ಲಿ ಎದ್ದಿತು. ನಮ್ಮ ಕರಾವಳಿಯಲ್ಲೂ ಅಲೆ ನುಗ್ಗಿ ಮನೆಗಳು ಬಿದ್ದವು. ಆದರೆ ಅದು ಬರುವುದು ಮೊದಲೇ ತಿಳಿದಿತ್ತು. ಮೀನುಗಾರರು ಕಡಲಿಗೆ ಇಳಿಯಬೇಡಿ ಅಂತ ಹವಾಮಾನ ಇಲಾಖೆ ಹೇಳಿತ್ತು. ಈಗ ಆಕಾಶದಲ್ಲಿ ಉಪಗ್ರಹಗಳು ಇವೆ. ಮೇಲಿಂದ ಮೋಡದ ಚಿತ್ರ ಕಳಿಸುತ್ತವೆ. ಹಾಗಂತ ಹಡಗಿನವರು ಬರೆಯುವುದನ್ನು ಬಿಟ್ಟಿಲ್ಲ. ನಮ್ಮ ಹವಾಮಾನ ಇಲಾಖೆಯ ಬಂದರು ಕಚೇರಿಗಳು ಮುಂಬೈ, ಚೆನ್ನೈ, ಕೋಲ್ಕತ್ತದಂಥ ಊರುಗಳಲ್ಲಿ ಇವೆ. ಅವರು ಹಡಗುಗಳಿಗೆ ಹೋಗಿ ಉಪಕರಣ ಸರಿ ಇದೆಯೇ ಅಂತ ನೋಡುತ್ತಾರೆ. ಸಮುದ್ರದಲ್ಲಿ ಇರುವ ಹಡಗಿನ ಅಧಿಕಾರಿ ದಿನಕ್ಕೆ ನಾಲ್ಕು ಸಲ ಲೆಕ್ಕ ತೆಗೆಯುತ್ತಾರೆ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಐದೂವರೆ, ಹನ್ನೊಂದೂವರೆ, ಸಂಜೆ ಐದೂವರೆ, ರಾತ್ರಿ ಹನ್ನೊಂದೂವರೆ. ಗಾಳಿ ಯಾವ ಕಡೆಯಿಂದ, ಎಷ್ಟು ಜೋರು, ಅಲೆ ಎಷ್ಟು ಎತ್ತರ, ಮೋಡ ಎಷ್ಟು ಅಂತ ಬರೆದು ದಡಕ್ಕೆ ಕಳಿಸುತ್ತಾರೆ. ಸಂಜೆ ನೀವು ರೇಡಿಯೋದಲ್ಲಿ ಹವಾಮಾನ ವರದಿ ಕೇಳುತ್ತೀರಲ್ಲ, ಅದರ ಹಿಂದೆ ಆ ಸಾಲುಗಳೂ ಇರುತ್ತವೆ.